ನಾನೇ ರಾಗ ಹಾಕಿದ ಹಾಡು

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತೇ? ನೀನು ನೋಡಿಕೊಳ್ಳುವ ಆ ಮುದುಕಿಯನ್ನು ಒಬ್ಬಳೇ ಎತ್ತಿ ಕೂರಿಸಬೇಡ ಎಂದು ಎಷ್ಟು ಸಲ ಬರೆದಿದ್ದೇನೆ, ನೀನು ಯಾರ ಮಾತು ಕೇಳುವವಳು! ಅಂತೂ ಅವರ ಮನೆಯವರು ರಜೆ ಕೊಟ್ಟರಂತೆ, ಮಗಳ ಶಿಬಿರದ ಕಾರ್ಯಕ್ರಮದ ದಿನವೇ ಬಂದಿಳಿಯುತ್ತೀಯಂತೆ, ಅವಳಿಗೆ ಮಾತ್ರ ಹೇಳಬಾರದಂತೆ. ಓದಿ ಕುಣಿದಾಡಿಬಿಟ್ಟಿದ್ದೆ. ಈಗ ಹೇಗೆ ಬರೆಯಲಿ ಎಂದು ತೋಚದೆ ಎರಡು ಹಾಳೆ ಹರಿದುಹಾಕಿ ಕೂತಿದ್ದೇನೆ.

ನಮ್ಮ ಶಿಬಿರದ ರೀತಿ ಹೀಗೆ. ಗ್ರಂಥಾಲಯದ ಕೆಳಗಿನ ಕೋಣೆಯಲ್ಲಿ ಒಂದಷ್ಟು ಮಕ್ಕಳು ಬರೆಯುತ್ತಾರೆ, ನಿನ್ನ ಮಗಳೂ ಅಲ್ಲಿಯೇ. ಬರವಣಿಗೆ ಕಲಿಸುವ ಮೇಷ್ಟ್ರು ಆ ಹಾಳೆಗಳನ್ನು ಟೈಪ್ ಮಾಡಿಸಿ, ಹೆಸರಿಲ್ಲದೆ ಮಹಡಿಗೆ ಕಳಿಸುತ್ತಾರೆ, ಅಲ್ಲಿ ನಾನು ಹಾಡುವ ಮಕ್ಕಳನ್ನು ಕಟ್ಟಿಕೊಂಡು ರಾಗ ಹಾಕುತ್ತೇನೆ. ಬರೆದವರ ಹೆಸರು ಹೇಳುವುದು ಕಾರ್ಯಕ್ರಮದ ದಿನವೇ. ಮೊದಲೇ ಗೊತ್ತಾದರೆ ಈ ವಯಸ್ಸಿನವು ಒಂದನ್ನೊಂದು ಗೋಳುಹೊಯ್ದುಕೊಂಡು ನಮ್ಮ ಪ್ರಾಣ ತಿನ್ನುತ್ತವೆ. ಹಾಗೆ ಬಂದದ್ದರಲ್ಲಿ ಒಂದು, ಸತ್ತುಹೋದ ತಾಯಿಯ ಹಾಡು. ಹಾಲನ್ನು ಒಲೆಯ ಮೇಲಿಟ್ಟು ಮರೆತು, ಉಕ್ಕಿದ ಮೇಲೆ ಹಾಲನ್ನೇ ಬೈಯುವ ಅಮ್ಮ! ನಕ್ಕೆ, ಆಮೇಲೆ ಅತ್ತೆ. ಯಾರ ಮನೆಯಲ್ಲಿ ಹಾಲು ಉಕ್ಕುವುದಿಲ್ಲ ಹೇಳು? ಬದುಕಿರುವ ನೀನು ನನಗೆ ಹೊಳೆಯಲೇ ಇಲ್ಲ. ಕೊನೆಯ ಸಾಲು ಎರಡು ಸಲ ಬರಲಿ, ಎರಡನೆಯದಕ್ಕೆ ಗಿಟಾರ್ ಬೇಡ, ಬರೀ ದನಿ ಸಾಕು ಎಂದು ಹೇಳಿಕೊಟ್ಟವಳೂ ನಾನೇ.

ನಿನ್ನೆ ಮೇಷ್ಟ್ರು ಮೆಟ್ಟಿಲ ಹತ್ತಿರ ನಿಲ್ಲಿಸಿ, "ತಾಯಿ ಇಲ್ಲದ ಮಗೂನ ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ, ಆ ಹಾಡು ಓದಿ ನಂಗೆ ಮಾತೇ ಹೊರಡಲಿಲ್ಲ" ಅಂದರು. ಮನೆಗೆ ಬಂದವಳೇ ಕೈ ಎತ್ತಿಕೊಂಡೇ, ಬದುಕಿರುವ ಅಮ್ಮನನ್ನು ಯಾಕೆ ಸಾಯಿಸಿದೆ ಎಂದು ನಿನ್ನ ಮಗಳನ್ನು ಕೇಳಿದೆ. ಅವಳು ತಲೆ ಬಾಚಿಕೊಳ್ಳುತ್ತಿದ್ದಳು, ತಿರುಗಿಯೂ ನೋಡಲಿಲ್ಲ. "ಅಮ್ಮ ದೂರ ಇದ್ದಾರೆ ಅಂದ್ರೆ ಯಾವಾಗ ಬರ್ತಾರೆ ಅಂತ ಕೇಳ್ತಾನೇ ಇರ್ತಾರೆ ಚಿಕ್ಕಮ್ಮ. ಸತ್ತೋದ್ರು ಅಂದ್ರೆ ಸುಮ್ಮನಾಗ್ತಾರೆ" ಎಂದಳು. ಎತ್ತಿದ ಕೈ ಹಾಗೇ ಇಳಿಯಿತು. ಹೋದ ವರ್ಷವೂ ನೀನು ಬರುತ್ತೇನೆ ಎಂದೆ, ಅದರ ಹಿಂದಿನ ವರ್ಷವೂ ಎಂದೆ. ಎರಡು ಸಲವೂ ಮುದುಕಿಗೆ ಕಾಯಿಲೆ ಜೋರಾಯಿತು. ನಿನ್ನ ತಪ್ಪಲ್ಲ, ನನಗೆ ಗೊತ್ತು. ಆದರೆ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಸಂಜೆಯವರೆಗೂ ಬಾಗಿಲಲ್ಲಿ ನಿಂತವಳು ಅವಳು, ಅಕ್ಕಾ. ಹಾಡು ತೆಗೆಸಿಬಿಡುತ್ತೇನೆ ಎಂದೆ. ತೆಗೆಸಿದರೆ ಇನ್ನು ಒಂದಕ್ಷರವನ್ನೂ ಬರೆಯುವುದಿಲ್ಲ ಎಂದು ಬಾಗಿಲು ಹಾಕಿಕೊಂಡಳು.

ಉಳಿದಂತೆ ಎಲ್ಲರೂ ಚೆನ್ನಾಗಿದ್ದೇವೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಭಾರ ಎತ್ತಬೇಡ, ನನ್ನ ಮೇಲೆ ಕೋಪ ಮಾಡಿಕೊಳ್ಳಬೇಡ.

ನಿನ್ನ
ತಂಗಿ

ಮತ್ತೆ: ಲಕೋಟೆ ಅಂಟಿಸುವಾಗ ತಡೆಯಲಾರದೆ ನೀನು ಬರುವುದನ್ನು ಹೇಳಿಬಿಟ್ಟೆ. ಲಕೋಟೆಯ ಮೇಲಿನ ನಿನ್ನ ಹೆಸರನ್ನು ಓದಿದಳು. ಆಮೇಲೆ, "ಬರ್ಲಿ. ಆದ್ರೆ ಅಲ್ಲಿ ಎಲ್ರಿಗೂ ನಮ್ಮ ದೊಡ್ಡಮ್ಮ ಅಂತ ಹೇಳ್ತೀನಿ" ಎಂದಳು. ಒಪ್ಪಿಕೊಂಡು ಬಾ ಅಕ್ಕಾ. ಈ ಸಲ ಮಾತ್ರ ತಪ್ಪಿಸಬೇಡ. ಮಕ್ಕಳು ಆ ಹಾಡು ಹಾಡುವಾಗ ನಿನಗೆ ಅಳು ಬಂದರೆ ತಡೆದುಕೊಳ್ಳಬೇಡ, ಸತ್ತ ತಂಗಿಗಾಗಿ ಅಳುತ್ತಿದ್ದಾಳೆ ಎಂದುಕೊಳ್ಳುತ್ತಾರೆ.