ಉಳಿದ ಔಷಧಿಗೆ ಎರಡು ಸಹಿ

ಒಂಬತ್ತನೇ ತಾರೀಖು, ಭಾನುವಾರ

ಪ್ರೀತಿಯ ಸಣ್ಣಿ,

ಚಿಕಿತ್ಸಾ ಕೇಂದ್ರದಿಂದ ನೀನು ಬರೆದ ಮೂರು ಕಾಗದಗಳೂ ತಲುಪಿವೆ. ಉತ್ತರ ಬರೆಯದ್ದಕ್ಕೆ ಅಂಚೆಯವರ ಮೇಲೆ ತಪ್ಪು ಹೊರಿಸಬಹುದಿತ್ತು, ಮನಸ್ಸು ಬರಲಿಲ್ಲ. ಬರೆಯಲು ಕೂತಾಗಲೆಲ್ಲ ಸಿಟ್ಟು ಪೆನ್ನಿಗಿಂತ ಮುಂದೆ ಓಡುತ್ತಿತ್ತು, ಅಷ್ಟೆ.

ಅಮ್ಮ ಚೆನ್ನಾಗಿದ್ದಾರೆ. ನೀನು ತರಬೇತಿಗೆ ಹೋಗಿದ್ದೀಯೆಂದೇ ನಂಬಿದ್ದಾರೆ. "ಎಂಥಾ ತರಬೇತಿನೇ ಅದು, ಫೋನೂ ಕೊಡಲ್ವಂತಾ? ಜೈಲಿಗೇನಾದ್ರೂ ಹಾಕಿದಾರಾ?" ಎಂದು ನಿನ್ನೆ ನಕ್ಕರು. ನಾನೂ ನಕ್ಕೆ. ನಗುವುದು ಇಷ್ಟು ಹೊಲಸು ಕೆಲಸವೆಂದು ಗೊತ್ತಿರಲಿಲ್ಲ.

ಆಪರೇಷನ್ ಥಿಯೇಟರಿನಲ್ಲಿ ನಿನ್ನ ಜಾಗ ಇನ್ನೂ ಖಾಲಿಯಿದೆ. ನೋವಿನ ಇಂಜೆಕ್ಷನ್ ಅರ್ಧ ಉಳಿದರೆ ಇನ್ನೊಬ್ಬರ ಕಣ್ಣೆದುರು ಸಿಂಕಿಗೆ ಸುರಿಯಬೇಕು, ಇಬ್ಬರೂ ಸಹಿ ಹಾಕಬೇಕು ಎಂಬುದು ನಿಯಮ. ಪಾಳಿ ಮುಗಿಯುವಾಗ ನೀನು ಸಹಿ ಪುಸ್ತಕ ಹಿಡಿದು ನಾನಿರುವ ಔಷಧಿ ವಿಭಾಗಕ್ಕೆ ಬರುತ್ತಿದ್ದೆ. "ಅಕ್ಕಾ, ಇಲ್ಲೊಂದು ಗೀಚು" ಎನ್ನುತ್ತಿದ್ದೆ. ನಾನು ಗೀಚುತ್ತಿದ್ದೆ. ಸ್ವಂತ ತಂಗಿಯ ಸಿರಿಂಜು ತೋರಿಸು ಎನ್ನಲು ನನಗೆ ನಾಚಿಕೆ. ಉಳಿದ ಅರ್ಧ ನಿನ್ನ ನರಕ್ಕೆ ಹೋಯಿತು. ಆಮೇಲೆ ಅರ್ಧ ಸಾಲಲಿಲ್ಲ.

ತೊಡೆಯ ಮೂಳೆ ಮುರಿದುಕೊಂಡು ಬಂದ ಆ ಬಣ್ಣ ಬಳಿಯುವವನಿಗೆ ನೀನು ಚುಚ್ಚಿದ್ದು ಬರೀ ಸಲೈನ್ ನೀರು. "ಸಿಸ್ಟರ್, ಸಾಯ್ತೀನಿ, ಏನಾದ್ರೂ ಕೊಡಿ" ಎಂದು ಅವನು ಅಳುತ್ತಿದ್ದರೆ, "ಇಷ್ಟುದ್ದ ಗಂಡ್ಸು, ನಾಟ್ಕ ನೋಡು" ಎಂದು ವಾರ್ಡಿನವರು ಆಡಿಕೊಂಡರು. ಅದೇ ಹೊತ್ತಿಗೆ ಕಸ ಗುಡಿಸುವಾಕೆ ಶೌಚಾಲಯದ ಬಾಗಿಲು ಒಡೆಸಿ, ನೀಲಿಗಟ್ಟಿದ್ದ ನಿನ್ನನ್ನು ಹೊರಗೆಳೆದಳು.

ಐವತ್ತು ದಿನವಾಯಿತು, ನಡುಕ, ವಾಂತಿ ಎಲ್ಲ ನಿಂತಿದೆ, ಮತ್ತೆ ಥಿಯೇಟರಿಗೇ ಹಾಕುವಂತೆ ಒಂದು ಮಾತು ಬರೆದುಕೊಡು ಎಂದು ಕೇಳಿದ್ದೀ. ಅಲ್ಲಿನ ಡಾಕ್ಟರಮ್ಮ ಫೋನಿನಲ್ಲಿ ಹೇಳಿದ್ದೇ ಬೇರೆ: "ತಡ್ಕೊಳ್ಳೋ ಶಕ್ತಿ ಈಗ ಮೈಗಿಲ್ಲ, ಆಸೆ ಮಾತ್ರ ಹಾಗೇ ಇದೆ. ಹಳೇ ಅಳತೇಲಿ ಒಂದೇ ಸಲ ಚುಚ್ಕೊಂಡ್ರೂ ಉಸಿರು ನಿಂತುಬಿಡುತ್ತೆ. ಚಟ ಬಿಟ್ಟು ಇಲ್ಲಿಂದ ಹೋದೋರು ಎಷ್ಟೋ ಜನ ಸಾಯೋದು ಹೀಗೇ."

ಹಾಗಾಗಿ ಬರೆದುಕೊಡುವುದಿಲ್ಲ. ಆ ಇಂಜೆಕ್ಷನ್ ಇಡುವ ಕಪಾಟಿನ ಬೀಗದ ಕೈ ನಿನಗೆ ಸಿಗುವ ಯಾವ ಕೆಲಸಕ್ಕೂ ಬರೆದುಕೊಡುವುದಿಲ್ಲ. ಅಷ್ಟು ಕವಿತೆ ಓದಿಯೂ ಕಲ್ಲಾಗಿದ್ದೀಯ ಎಂದು ಹಿಂದೊಮ್ಮೆ ನನ್ನನ್ನು ಹಂಗಿಸಿದ್ದೆಯಲ್ಲ, ಇನ್ನೂ ಹಂಗಿಸು. ಬದುಕಿದ್ದು ಹಂಗಿಸು.

ಶುಕ್ರವಾರ ಕರೆದುಕೊಂಡು ಬರಲು ನಾನೇ ಬರುತ್ತೇನೆ. ಹೊಟ್ಟೆ ತುಂಬ ತಿನ್ನು. ನಿನ್ನ ತಲೆಗೂದಲೆಲ್ಲ ನರೆಯುವವರೆಗೆ ಬಾಳು.

ನಿನ್ನ
ಅಕ್ಕ

ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಆಸ್ಪತ್ರೆಯ ಸಮಿತಿ ನಡೆಸಿದ ವಿಚಾರಣೆಯಲ್ಲಿ ನಾನು "ನೋಡದೆ ಸಹಿ ಹಾಕಿದೆ" ಎಂದೆ. ಎಚ್ಚರಿಕೆ ಕೊಟ್ಟು ಬಿಟ್ಟರು. ಆದರೆ ಆ ಬಣ್ಣ ಬಳಿಯುವವನು ಆಸ್ಪತ್ರೆಗೆ ಬರುವ ಮೂರು ತಿಂಗಳ ಮೊದಲೇ, ನೀನು ತುಂಬಿದ ಸಿರಿಂಜನ್ನು ಜೇಬಿಗೆ ಇಳಿಸುವುದನ್ನು ನಾನು ಕಂಡಿದ್ದೆ. ನಾನು ಕಂಡದ್ದನ್ನು ನೀನೂ ಕಂಡೆ. ಆದರೂ ನಾನು "ಊಟ ಆಯ್ತೇನೆ?" ಎಂದು ಕೇಳಿ ಸಹಿ ಹಾಕಿದೆ. ನಿನ್ನ ಮೂರು ಕಾಗದಗಳಲ್ಲೂ ಅದರ ಮಾತೇ ಇಲ್ಲ. ನನ್ನನ್ನು ಕಾಪಾಡುತ್ತಿದ್ದೀಯೋ, ಬೇಕಾದಾಗ ಹೆದರಿಸಲು ಇಟ್ಟುಕೊಂಡಿದ್ದೀಯೋ, ನನಗೆ ತಿಳಿಯುತ್ತಿಲ್ಲ. ಕೇಳುವುದೂ ಇಲ್ಲ. ನಾಳೆ ಸಮಿತಿಯ ಮುಂದೆ ನಾನೇ ಹೇಳಿಬಿಡುತ್ತೇನೆ.