ನೀತಾಳ ಪಾಲಿನ ಬಂಗುಡೆ

ನೀತಾ,

ನೀನು ತೀರಿಹೋಗಿ ಮೂರು ಮಳೆಗಾಲ ಕಳೆದವು. ಆದರೂ ಇವತ್ತಿನ ಸುದ್ದಿಯನ್ನು ನಿನಗಲ್ಲದೆ ಯಾರಿಗೆ ಹೇಳಲಿ? ನಮ್ಮೂರು ಕೇಣಿಯ ಇತಿಹಾಸ ಬರೆಯುತ್ತೇವೆಂದು ನಮ್ಮ ಶಾಲೆಯ ಮಕ್ಕಳು ನೋಟ್‌ಬುಕ್ ಹಿಡಿದು ದಂಡೆಗೆ ಬಂದಿದ್ದರು. ಅವರಿಗೆ ತೋರಿಸಲೆಂದೇ ಹಳೆಯ ರಂಪಣಿ ಬಲೆಯನ್ನು ಹೊರತೆಗೆದು ಸಮುದ್ರಕ್ಕೆ ಬಿಟ್ಟರು. ಊರಿಗೆ ಊರೇ ಎರಡು ಸಾಲಾಗಿ ನಿಂತು ಹಗ್ಗ ಎಳೆಯಿತು.

“ಹಗ್ಗ ಹಿಡ್ದೋರಿಗೆಲ್ಲ ಪಾಲು. ಅದೇ ನಮ್ಮೂರ ಇತಿಹಾಸ, ಬರ್ಕಳಿ,” ಎಂದಳು ತೊಂಬತ್ತು ದಾಟಿದ ಹೀರಾಬಾಯಿ. ಆಮೇಲೆ ನನ್ನತ್ತ ಬೆರಳು ತೋರಿಸಿ, “ಇದನ್ನೂ ಬರ್ಕಳಿ. ಸಣ್ಣೋರಿದ್ದಾಗ ಹಗ್ಗ ಎಳ್ದದ್ದು ನೀತಾ, ಪಾಲು ತಕಂಡದ್ದು ಈ ಸುಮಲತಾ!”

ಮುದುಕಿ ಅವತ್ತು ಎಲ್ಲವನ್ನೂ ನೋಡಿದ್ದಳು ಕಣೇ. ನಾನು ಕೊನೆಗೆ ಬಂದು ಹಗ್ಗದ ತುದಿ ಮುಟ್ಟಿದ್ದು, ಮೀನು ಹಂಚುವಾಗ “ನೀತಾ ಬರೀ ನೋಡೂಕೆ ಬಂದದ್ದು” ಎಂದದ್ದು, ಅಂಗೈ ಸುಲಿದುಕೊಂಡಿದ್ದ ನೀನು ಬರಿಗೈಯಲ್ಲಿ ಮನೆಗೆ ಹೋದದ್ದು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ನಮ್ಮಿಬ್ಬರ ಹೆಸರೂ ಊರಿನ ಇತಿಹಾಸಕ್ಕೆ ಸೇರಿದವಲ್ಲೇ!

ಇವತ್ತು ಮಾತ್ರ ಮೊದಲಿನಿಂದ ಕೊನೆಯವರೆಗೂ ಎಳೆದೆ. ಅಂಗೈ ಉರಿದು ಪೆನ್ನು ಹಿಡಿಯಲಾಗುತ್ತಿಲ್ಲ. ನನ್ನ ಪಾಲಿಗೆ ಎಂಟು ದಪ್ಪ ಬಂಗುಡೆ ಬಂದವು. ಅಷ್ಟಕ್ಕೂ ಖಾರ ಹಚ್ಚಿ, ಹುರಿದು, ಬಿಸಿಬಿಸಿಯಾಗಿ ನಿನ್ನನ್ನು ಹೆತ್ತ ಆಯಿಯ ಮನೆಗೆ ಒಯ್ದೆ.

“ಇಷ್ಟೂ ಯಾರ ಪಾಲೇ?” ಎಂದು ಆಯಿ ಕೇಳಿದರು.

“ನೀತಾಂದು, ಆಯಿ. ತರೂಕೆ ಸ್ವಲ್ಪ ತಡ ಆಯ್ತು.”

ಆಯಿ ಒಳಗೆ ಹೋಗಿ ಎರಡು ತಾಟು ತಂದರು.