ಜ್ವರಕ್ಕೆ ಕೂತ ಹುಳ

ಮಂಡಿಕಲ್
20-11-2024, ಬುಧವಾರ

ಪ್ರೀತಿಯ ಅಣ್ಣಯ್ಯನಿಗೆ ನಿನ್ನ ಧನು ಮಾಡುವ ನಮಸ್ಕಾರ.

ನನ್ನ ಅಕ್ಷರ ನೋಡಿ ನಗಬೇಡ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ನಾನು ಬರೆದದ್ದೆಂದರೆ ರೇಷ್ಮೆ ಹುಳದ ತಟ್ಟೆಗಳ ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಮಾತ್ರ. ಒತ್ತಕ್ಷರ ತಪ್ಪಿದ ಕಡೆ ನೀನೇ ಸರಿಮಾಡಿಕೊಂಡು ಓದು. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ನೀನು 'ಏನೇ ಧನಮ್ಮಾ' ಅಂದ ಕೂಡಲೇ ನಾನು ಅಮ್ಮನ ಕೈಗೆ ಫೋನು ಕೊಟ್ಟುಬಿಡುತ್ತೇನೆ, ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಸುನೀಲ್‌ಕುಮಾರ್ ರಜೆ ಮುಗಿಸಿ ಇವತ್ತು ಸಂಜೆ ಮತ್ತೆ ಗೌರಿಬಿದನೂರಿನ ನಿಮ್ಮ ಮಿಲ್ಲಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ.

ನಿನ್ನ ಆರೋಗ್ಯ ಹೇಗಿದೆ? ಮಿಲ್ಲಿನಲ್ಲಿ ಹತ್ತಿಯ ಧೂಳಿಗೆ ನಿನಗೆ ಕೆಮ್ಮು ಶುರುವಾಗಿದೆ ಅಂತ ಸುನೀಲ ಹೇಳಿದ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲು ನಾಚಿಕೊಳ್ಳಬೇಡ. ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವು ಚಳಿಗೆ ಸ್ವಲ್ಪ ಜಾಸ್ತಿ, ಆದರೂ ಸೊಪ್ಪು ಕೊಯ್ಯಲು ನನಗಿಂತ ಮುಂಚೆ ತೋಟದಲ್ಲಿರುತ್ತಾಳೆ. ಅವರೆಕಾಯಿ ಬಂದಿದೆ. ಹಿತಕಿದ ಬೇಳೆ ಸಾರು ಮಾಡಿದ ದಿನ ನಿನ್ನ ಹೆಸರು ಹೇಳಿ ಅತ್ತಳು, ಆಮೇಲೆ ಎರಡು ಸಲ ಬಡಿಸಿಕೊಂಡು ಉಂಡಳು.

ನೀನು ಸುನೀಲನ ಹತ್ತಿರ ಹೇಳಿ ಕಳಿಸಿದ ಮಾತು ತಲುಪಿತು. ಸಂಕ್ರಾಂತಿಗೆ ಮಿಲ್ಲಿನ ಕೆಲಸ ಬಿಟ್ಟು ಬಂದು, ಎಳೆ ಹುಳ ಸಾಕುವ ನಮ್ಮ ಚಾಕಿ ಮನೆಯನ್ನು ಮತ್ತೆ ನೀನೇ ನಡೆಸುತ್ತೀಯಂತೆ. 'ಈಗ ಅವಳೇ ನೋಡ್ಕೊಳ್ತಾ ಅವಳೆ, ಬರಲಾ ಬೇಡವಾ ಅವಳೇ ಹೇಳಲಿ' ಅಂದೆಯಂತೆ. ಅಮ್ಮನಿಗೆ ಇದರಲ್ಲಿ ಕೇಳುವುದೇನಿದೆ ಅಂತ ಆಶ್ಚರ್ಯ. ಆಗಲೇ ನಿನ್ನ ಮಂಚ ಬಿಸಿಲಿಗೆ ಹಾಕಿದ್ದಾಳೆ. ಉತ್ತರ ಹೇಳಬೇಕಾದವಳು ಮಾತ್ರ ಸೊಪ್ಪು ಹೆಚ್ಚುವಾಗಲೂ ಅದನ್ನೇ ಯೋಚಿಸುತ್ತಿದ್ದೇನೆ.

ಊರವರೆಲ್ಲ ಮೊಟ್ಟೆ ತಂದು ಅವರವರ ಮನೆಯಲ್ಲೇ ಮರಿ ಮಾಡಿಸಿಕೊಂಡು ಒದ್ದಾಡುತ್ತಿದ್ದಾಗ, ಎಳೆ ಹುಳವನ್ನು ನಾವು ಸಾಕಿ, ಎರಡನೇ ಜ್ವರದಲ್ಲಿ ಪೊರೆ ಕಳಚಿ ಎದ್ದ ಮೇಲೆ ರೈತರಿಗೆ ಕೊಡೋಣ ಅಂತ ಯೋಚಿಸಿದವನು ನೀನು. ಚಿಕ್ಕಬಳ್ಳಾಪುರದ ತರಬೇತಿ ಮುಗಿಸಿ ಬಂದು ಊಟಕ್ಕೆ ಕೂತಾಗ ಪಾಠ ಒಪ್ಪಿಸಿದಂತೆ ಹೇಳಿದ್ದೆ, 'ಸ್ವಂತ ಕೆಲಸ ಶುರು ಮಾಡೋನಿಗೆ ಧೈರ್ಯ ಬೇಕು, ಮಾತು ಬೇಕು, ನಗುಮುಖ ಬೇಕು.' ಅಮ್ಮ ಮುದ್ದೆ ಮುರಿಯುತ್ತಾ, 'ಅದನ್ನ ಕಲಿಯಕ್ಕೆ ಬಸ್ ಚಾರ್ಜ್ ಯಾಕ್ ದಂಡ ಮಾಡ್ದೆ? ಹುಟ್ಟುತ್ತಲೇ ತಂದಿದ್ದೀಯಲ್ಲಪ್ಪ' ಅಂದಳು. ನೀನು ನನ್ನ ಕಡೆ ತಿರುಗಿ, 'ಇವಳಿಗೇನಾದ್ರೂ ಅಂಗಡಿ ಹಾಕ್ಕೊಟ್ರೆ, ಗಿರಾಕಿ ಬಂದಾಗ ಮೂಟೆ ಹಿಂದೆ ಬಚ್ಚಿಟ್ಕೊಳ್ತಾಳೆ ಕಣಮ್ಮ' ಅಂದೆ. ನನಗೂ ನಗು ಬಂತು. ನಿಜವೇ ಆಗಿತ್ತು. ರೈತರು ಬಂದರೆ ನಾನು ಒಳಗೆ ತಟ್ಟೆಗಳ ನಡುವೆ ಇರುತ್ತಿದ್ದೆ, ಹೊರಗೆ ನಿನ್ನ ಮಾತು ಕೇಳುತ್ತಾ. ಎಂಥ ಮಾತು ಅಣ್ಣಯ್ಯ ಅದು! ಬೈಯಲು ಬಂದವರೂ ಟೀ ಕುಡಿದು ಹೋಗುತ್ತಿದ್ದರು.

ನೀನು ಯಾರಿಗೂ ಇಲ್ಲ ಅಂದದ್ದೇ ನನಗೆ ನೆನಪಿಲ್ಲ. ಬಯ್ಯಪ್ಪಣ್ಣನಿಗೂ ಅನ್ನಲಿಲ್ಲ. ಮಾರನೇ ದಿನ ಮಂಗಳವಾರ, ಮಂಗಳವಾರ ಹುಳ ಮನೆಗೆ ತರಬಾರದು, ಇವತ್ತೇ ಕೊಟ್ಟುಬಿಡು ಅಂತ ಅವನು ಟೆಂಪೋ ತಂದು ನಿಂತಿದ್ದ. ಒಳಗೆ ಅರ್ಧ ತಟ್ಟೆಗಳು ಇನ್ನೂ ಜ್ವರದಲ್ಲಿದ್ದವು. ಜ್ವರಕ್ಕೆ ಕೂತ ಹುಳ ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿಕೊಂಡು ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚುತ್ತದೆ, ಆಗ ಅದನ್ನು ಕದಲಿಸಬಾರದು ಅಂತ ನನಗೆ ಕಲಿಸಿದವನೇ ನೀನು. ನೀನು ಒಳಗೆ ಬಂದು ನೋಡಿದೆ. ಒಂದು ತಟ್ಟೆಯ ಮೇಲಿನ ಕಾಗದ ಎತ್ತಿ ಮತ್ತೆ ಮುಚ್ಚಿದೆ. ಆಮೇಲೆ ಹೊರಗೆ ಹೋಗಿ, 'ಅದಕ್ಕೇನಂತೆ ಬಯ್ಯಪ್ಪಣ್ಣ, ತಗೊಂಡೋಗು' ಅಂದೆ. ಆ ಹಳ್ಳದ ದಾರಿಯಲ್ಲಿ ಟೆಂಪೋ ಕುಲುಕುವುದನ್ನು ನಾನು ಬಾಗಿಲಿನಿಂದ ನೋಡಿದೆ.

ಆ ಹುಳವೆಲ್ಲ ಸತ್ತು ಅವನ ಬೆಳೆ ಹೋದ ಮೇಲೆ ನೀನು ಅವನ ಮನೆಗೆ ಹೋಗಲಾರದೆ ಗೌರಿಬಿದನೂರಿಗೆ ಹೋದೆ. ನಿನ್ನನ್ನು ದೂರುತ್ತಿಲ್ಲ. ನಿನಗೆ ಎಷ್ಟು ನೋವಾಗಿತ್ತೆಂದು ನನಗೆ ಗೊತ್ತು. ಆದರೆ ಒಂದು ಸಂಗತಿ ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನೀನು ಹೋದ ಮೇಲೆ ನಾನು ಅಲ್ಲಿಗೆ ಹೋಗಿದ್ದೆ. ಹುಳದ ಮನೆಯ ವಾಸನೆ ರಸ್ತೆಗೇ ಬರುತ್ತಿತ್ತು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಬಾಗಿಲಲ್ಲಿ ಮರೆತುಹೋಯಿತು. ಪೊರಕೆ ತೆಗೆದುಕೊಂಡು ಸತ್ತ ಹುಳಗಳನ್ನೆಲ್ಲ ಗುಡಿಸಿ, ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ, ಹುಳ ಗೂಡು ಕಟ್ಟುವ ಚಂದ್ರಿಕೆಗಳನ್ನು ತೊಳೆದೆ. ಅವನ ಹೆಂಡತಿ ಶ್ಯಾಮಲಮ್ಮ ಜಗಲಿ ಮೇಲೆ ಕೂತು, 'ಏಂ ತಲ್ಲೀ, ನಿಮ್ಮಣ್ಣಂಗೆ ನಾಲ್ಗೆ ಕೊಟ್ಟ ದೇವ್ರು ಮುಖ ಕೊಡ್ಲಿಲ್ವಾ? ಬರಕ್ಕೇನು ದಾಡಿ?' ಅಂತ ತನ್ನ ತೆಲುಗು ಬೆರೆಸಿ ಬೈಯುತ್ತಲೇ ಇದ್ದಳು. ಕೊನೆಗೆ ಕೈಗೆ ಸೋಪು ಹಾಕಿ ನೀರು ಸುರಿದವಳೂ ಅವಳೇ. ಈಗ ಅವರು ಹಿಪ್ಪುನೇರಳೆ ಕಿತ್ತು ಸೇವಂತಿಗೆ ಹಾಕಿದ್ದಾರೆ. ಆ ಹುಳದ ಮನೆಯಲ್ಲಿ ಹೂವಿನ ಕ್ರೇಟುಗಳಿವೆ.

ಮೊನ್ನೆ ಸೋಮವಾರ ಕಳವಾರದ ಆವಲಪ್ಪ ಬಂದಿದ್ದ. ಅದೇ ಮಂಗಳವಾರದ ಮಾತು, ಅದೇ ಅವಸರ. ಒಳಗೆ ಹುಳ ಜ್ವರದಿಂದ ಎದ್ದಿರಲಿಲ್ಲ. ಅಮ್ಮ ನನ್ನ ಮುಖ ನೋಡಿದಳು. ನಾನು ಬಾಗಿಲಿಗೆ ಅಡ್ಡ ನಿಂತು ಇಲ್ಲ ಅಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ, ಎರಡನೇ ಸಲ ಹೇಳಬೇಕಾಯಿತು. ಬುಧವಾರ ಬೆಳಗ್ಗೆ ಬನ್ನಿ ಅಂದೆ. ಅವನು ನಕ್ಕುಬಿಟ್ಟ. 'ಗೋಡೆ ಮೇಲಿರೋ ನಂಬರಿಗೆ ನಿಮ್ಮಣ್ಣಂಗೆ ಫೋನ್ ಮಾಡಿ ಕೇಳ್ಕೊಂಡೇ ಬಂದಿದ್ದೀನಿ ಕಣಮ್ಮ. ಧಾರಾಳವಾಗಿ ತಗೊಂಡೋಗು ಅಂದವ್ನೆ. ಯಜಮಾನ ಹೂಂ ಅಂದ್ಮೇಲೆ ನೀನ್ಯಾರು ಬೇಡ ಅನ್ನಕ್ಕೆ?' ಅಂದ. ಅಣ್ಣಯ್ಯ, ನನಗೆ ಭಯವಾಯಿತು. ಅವನ ಮಾತಿಗಲ್ಲ. ನೀನು ಹುಳ ನೋಡದೆ, ಗೌರಿಬಿದನೂರಿನಲ್ಲಿ ನಿಂತು, ಮತ್ತೆ ಹೂಂ ಅಂದೆಯಲ್ಲ ಅಂತ. ಬಯ್ಯಪ್ಪಣ್ಣನ ಮನೆಯ ವಾಸನೆ ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ನಾನು ಬಾಗಿಲು ಬಿಡಲಿಲ್ಲ.

ಇವತ್ತು ಆವಲಪ್ಪ ಬರಲಿಲ್ಲ. ಬೇರೆ ಕಡೆ ತೆಗೆದುಕೊಂಡನಂತೆ. ಹುಳ ಎಲ್ಲ ಒಟ್ಟಿಗೆ ಎದ್ದು ಸೊಪ್ಪಿಗೆ ಬಾಯಿ ಹಾಕಿವೆ, ಕಿವಿಗೊಟ್ಟರೆ ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತದೆ. ಇವನ್ನು ನಾವೇ ನಡುಮನೆಯಲ್ಲಿ ಸಾಕಬೇಕು, ಸೊಪ್ಪು ಸಾಲುತ್ತದೋ ಇಲ್ಲವೋ. ಅಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. 'ಹಟಮಾರಿ' ಅಂತ ಬೆಕ್ಕಿಗೆ ಹೇಳುತ್ತಾಳೆ. ನಾನು ಮಾಡಿದ್ದು ಸರಿಯೇ ಅಂತ ಕೇಳಲು ನೀನೊಬ್ಬನೇ ಇದ್ದೆ. ನಿನ್ನನ್ನೇ ಕೇಳಲಾರದ ಹಾಗಾಯಿತು.

ಸ್ವೆಟರು ಕಳಿಸಿದ್ದೇನೆ, ಅದರ ಮಡಿಕೆಯೊಳಗೆ ಅಮ್ಮ ಇಟ್ಟ ಕೈವಾರದ ಕುಂಕುಮವಿದೆ, ಜೋಪಾನವಾಗಿ ಬಿಚ್ಚು. ಊಟ ತಪ್ಪಿಸಬೇಡ. ಅಮ್ಮನ ಆಶೀರ್ವಾದ ಯಾವಾಗಲೂ ನಿನ್ನ ತಲೆಯ ಮೇಲಿರಲಿ.

ನಿನ್ನ ತಂಗಿ,
ಧನುಶ್ರೀ

ನೀನು ಕೇಳಿದ್ದಕ್ಕೆ ಉತ್ತರ ಮರೆತಿಲ್ಲ, ಬರೆಯಲು ಕೈ ಬರಲಿಲ್ಲ, ಅದಕ್ಕೇ ಕೊನೆಗೆ. ಸುನೀಲ ಹೊರಗೆ ಕರೆಯುತ್ತಿದ್ದಾನೆ. ಅಣ್ಣಯ್ಯ, ಸಂಕ್ರಾಂತಿಗೆ ಮನೆಗೆ ಖಂಡಿತ ಬಾ. ಎಷ್ಟು ದಿನವಾದರೂ ಇರು. ಆದರೆ ಚಾಕಿ ಮನೆ ನಡೆಸಲು ಬರಬೇಡ. ಅದನ್ನು ನಾನು ನಿನಗೆ ಬಿಟ್ಟುಕೊಡುವುದಿಲ್ಲ. ಇವತ್ತು ಬೆಳಗ್ಗೆ ಬಕೀಟಿನಲ್ಲಿ ಸುಣ್ಣ ಕಲಸಿ, ಚಾಕಿ ಮನೆಯ ಹೊರಗೋಡೆಯ ಮೇಲೆ ನಿನ್ನ ಹೆಸರಿನ ಕೆಳಗಿದ್ದ ನಿನ್ನ ಫೋನ್ ನಂಬರನ್ನು ಅಳಿಸಿದೆ. ನಿನ್ನ ಹೆಸರಿಗೆ ಬ್ರಷ್ ತಾಗದಂತೆ, ಅದಕ್ಕೆ ಎಡಗೈ ಅಡ್ಡ ಹಿಡಿದುಕೊಂಡಿದ್ದೆ.